ಓಟಿಯಲ್ಲಿ ಸಿ-ಆರ್ಮ್: ಮೇಜಿನ ಸುತ್ತ ನಿಲ್ಲುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲೆ ಶಿರಸಿ, ಯಲ್ಲಾಪುರದ ಕಡೆಯೂ ಸಿ-ಆರ್ಮ್, ಅಂದರೆ ಓಟಿಯಲ್ಲಿ (ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ) ಕೆಲಸ ನಡೆಯುತ್ತಿರುವಾಗಲೇ ಎಕ್ಸ್‌ರೇ ಚಿತ್ರ ತೋರಿಸುವ ‘ಸಿ’ ಆಕಾರದ ಸಾಧನ, ಈಗ ಅಪರೂಪದ ಯಂತ್ರವಲ್ಲ. ಹೆದ್ದಾರಿ 66ರ ಅಪಘಾತ, ಅರಬೈಲ್ ಅಥವಾ ದೇವಿಮನೆ ಘಟ್ಟದಲ್ಲಿ ಉರುಳಿದ ಬೈಕು, ಅಡಿಕೆ ಮರದಿಂದ ಬಿದ್ದ ಕೊನೆಗೌಡ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ, ಕಿಡ್ನಿಯ ಕಲ್ಲು ಎಲ್ಲಕ್ಕೂ ಅದೇ ಯಂತ್ರ ಬೇಕು. ಯಂತ್ರ ನಡೆಸುವ ಟೆಕ್ನಿಷಿಯನ್ ಓದುವಾಗಲೇ ವಿಕಿರಣದ ಪಾಠ ಕಲಿತಿರುತ್ತಾರೆ. ಸ್ಕ್ರಬ್ ಸಿಸ್ಟರ್, ಅರಿವಳಿಕೆ ವೈದ್ಯರು, ಕಾಲು ಹಿಡಿಯುವ ವಾರ್ಡ್ ಬಾಯ್, ಸಾಮಾನು ತಂದುಕೊಡುವ ಸಿಸ್ಟರ್ ಇವರಿಗೆ ಯಾರೂ ಕೂರಿಸಿ ಹೇಳಿರುವುದಿಲ್ಲ. ಈ ಉತ್ತರಗಳು ಮುಖ್ಯವಾಗಿ ಅವರಿಗಾಗಿ.

ಕೇಸ್ ಮುಗಿದ ಮೇಲೂ ಓಟಿಯ ಗಾಳಿಯಲ್ಲಿ ವಿಕಿರಣ ಉಳಿದಿರುತ್ತದೆಯೇ?

ಇಲ್ಲ. ಪೆಡಲ್‌ನಿಂದ ಕಾಲು ತೆಗೆದ ಕ್ಷಣವೇ ಎಕ್ಸ್‌ರೇ ನಿಂತುಹೋಗುತ್ತದೆ. ಸ್ವಿಚ್ ಆರಿಸಿದ ಮೇಲೆ ಬಲ್ಬಿನ ಬೆಳಕು ಹೇಗೆ ಕೋಣೆಯಲ್ಲಿ ಉಳಿಯುವುದಿಲ್ಲವೋ ಇದೂ ಹಾಗೆಯೇ. ಗೋಡೆ, ಟೇಬಲ್, ಬಟ್ಟೆ, ರೋಗಿಯ ಮೈ ಯಾವುದರಲ್ಲೂ ಏನೂ ಅಂಟಿಕೊಂಡಿರುವುದಿಲ್ಲ. ರೋಗಿಯನ್ನು ವಾರ್ಡಿಗೆ ಸಾಗಿಸುವವರಿಗಾಗಲಿ, ನೆಲ ಒರೆಸುವವರಿಗಾಗಲಿ ಏನೂ ತಗಲುವುದಿಲ್ಲ.

ಈ ಭಯ ನಮ್ಮ ಜಿಲ್ಲೆಯಲ್ಲಿ ತುಸು ಹೆಚ್ಚಾಗಿರುವುದಕ್ಕೆ ಕಾರಣ ಇದೆ. ಇಲ್ಲಿ ವಿಕಿರಣ ಎಂದರೆ ಕಾಳಿ ದಂಡೆಯ ಕೈಗಾ ನೆನಪಾಗುತ್ತದೆ. ಅಣುಸ್ಥಾವರದ ವಿಷಯದಲ್ಲಿ ವಿಕಿರಣಶೀಲ ವಸ್ತು ಹೊರಗೆ ಬಂದು ನೀರು, ಮಣ್ಣು ಸೇರೀತೇ ಎಂಬ ಪ್ರಶ್ನೆ ಇರುತ್ತದೆ. ಸಿ-ಆರ್ಮ್‌ನಲ್ಲಿ ಅಂಥ ವಸ್ತುವೇ ಇಲ್ಲ. ವಿದ್ಯುತ್ ಇದ್ದು, ಪೆಡಲ್ ಒತ್ತಿದರೆ ಮಾತ್ರ ಕಿರಣ. ಹಾಗಾಗಿ ಸ್ಥಾವರದ ತುರ್ತು ಸಂದರ್ಭಕ್ಕೆಂದು ಇಡುವ ಅಯೋಡಿನ್ ಮಾತ್ರೆಗೂ ಓಟಿಗೂ ಸಂಬಂಧವಿಲ್ಲ. ಆ ಮಾತ್ರೆ ಮಾಡುವುದು ವಿಕಿರಣಶೀಲ ಅಯೋಡಿನ್ ಥೈರಾಯ್ಡ್ ಸೇರದಂತೆ ತಡೆಯುವ ಕೆಲಸ ಮಾತ್ರ. ಹಾಲು, ಬೆಲ್ಲ, ಬಾಳೆಹಣ್ಣು ತಿಂದರೆ ‘ಕಿರಣ ಇಳಿಯುತ್ತದೆ’ ಎನ್ನುವುದೂ ಅಷ್ಟೇ. ತಿನ್ನಿ, ಆದರೆ ಇಳಿಸಲು ಒಳಗೆ ಏನೂ ಇರುವುದಿಲ್ಲ.

ಹಾಗಾದರೆ ನಮಗೆ ಕಿರಣ ಎಲ್ಲಿಂದ ಬರುತ್ತದೆ? ಯಂತ್ರ ರೋಗಿಯ ಕಡೆಗೆ ತಿರುಗಿದೆಯಲ್ಲ?

ನಿಮಗೆ ತಾಗುವುದರಲ್ಲಿ ಹೆಚ್ಚಿನದು ಬರುವುದು ರೋಗಿಯ ಮೈಯಿಂದ. ಎಕ್ಸ್‌ರೇ ಹುಟ್ಟಿಸುವ ಟ್ಯೂಬಿನಿಂದ ಹೊರಟ ಕಿರಣ ರೋಗಿಯ ದೇಹಕ್ಕೆ ಬಡಿದು ಎಲ್ಲ ದಿಕ್ಕಿಗೂ ಚದುರುತ್ತದೆ. ಸ್ಥೂಲ ಅಂದಾಜು ಹೇಳುವುದಾದರೆ, ರೋಗಿಯ ಚರ್ಮದ ಮೇಲೆ ಬೀಳುವ ತೀವ್ರತೆಯ ಸುಮಾರು ಸಾವಿರದಲ್ಲಿ ಒಂದು ಪಾಲು 1 ಮೀಟರ್ ದೂರದಲ್ಲಿ ಸಿಗುತ್ತದೆ. ದಪ್ಪ ರೋಗಿ, ಸೊಂಟ, ಬೆನ್ನು ಇದ್ದರೆ ಯಂತ್ರ ತಾನಾಗಿಯೇ ಕಿರಣ ಹೆಚ್ಚಿಸುತ್ತದೆ, ಚದುರುವಿಕೆಯೂ ಹೆಚ್ಚುತ್ತದೆ. ಮಣಿಕಟ್ಟಿನ ಕೇಸಿನಲ್ಲಿ ಬಹಳ ಕಡಿಮೆ.

ಇಲ್ಲಿ ತಿಳಿಯಲೇಬೇಕಾದ ಒಂದು ಸಂಗತಿ ಇದೆ. ಚದುರುವಿಕೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕಿರಣ ದೇಹದೊಳಗೆ ಹೋಗುವ ಬದಿಯಲ್ಲಿ, ಅಂದರೆ ಟ್ಯೂಬ್ ಇರುವ ಬದಿಯಲ್ಲಿ, ಅದು ಹಲವು ಪಟ್ಟು ಹೆಚ್ಚು. ಚಿತ್ರ ಹಿಡಿಯುವ ದೊಡ್ಡ ತಲೆ ಇರುವ ಬದಿಗೆ ದೇಹವನ್ನು ದಾಟಿ ಬರುವಷ್ಟರಲ್ಲಿ ಕಿರಣ ಸೋತಿರುತ್ತದೆ. ಇದರಿಂದ ಎರಡು ನಿಯಮ ಹುಟ್ಟುತ್ತವೆ. ನೇರ ಚಿತ್ರ ತೆಗೆಯುವಾಗ ಟ್ಯೂಬ್ ಟೇಬಲ್ಲಿನ ಕೆಳಗೆ, ದೊಡ್ಡ ತಲೆ ಮೇಲೆ ಇರಲಿ. ಆಗ ಹೆಚ್ಚಿನ ಚದುರುವಿಕೆ ನೆಲದ ಕಡೆ ಹೋಗುತ್ತದೆ, ಕಣ್ಣು, ಕುತ್ತಿಗೆ ಉಳಿಯುತ್ತವೆ. ಅಡ್ಡ ಚಿತ್ರ ತೆಗೆಯುವಾಗ ದೊಡ್ಡ ತಲೆಯ ಬದಿಗೆ ನಿಲ್ಲಿ, ಟ್ಯೂಬಿನ ಬದಿಗೆ ಬೇಡ. ಕೈಯ ಕೇಸ್ ಮಾಡುವಾಗ ದೊಡ್ಡ ತಲೆಯನ್ನೇ ಟೇಬಲ್ಲಿನಂತೆ ಬಳಸಲು ಯಂತ್ರವನ್ನು ತಲೆಕೆಳಗು ಮಾಡುವುದುಂಟು. ಆಗ ಟ್ಯೂಬ್ ಮೇಲೆ ಬರುತ್ತದೆ. ಇದು ಸಣ್ಣ ಭಾಗಕ್ಕೆ, ಸ್ವಲ್ಪ ಹೊತ್ತಿಗೆ ಸರಿ. ಸೊಂಟದ ಕೇಸಿಗೆ ಹಾಗೆ ಮಾಡಿದರೆ ಶಸ್ತ್ರಚಿಕಿತ್ಸಕರ ಮುಖಕ್ಕೇ ಹೊಡೆತ.

ಎಷ್ಟು ದೂರ ನಿಂತರೆ ಸಾಕು?

ದೂರ ಎರಡು ಪಟ್ಟಾದರೆ ಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು ಪಾಲು. ಓಟಿಯಲ್ಲಿ ಇದಕ್ಕಿಂತ ಅಗ್ಗದ ರಕ್ಷಣೆ ಇಲ್ಲ.

ಲೆಕ್ಕ ಹಾಕಿ ನೋಡೋಣ. ಸತತ ಒಂದು ಗಂಟೆ ಸ್ಕ್ರೀನಿಂಗ್ ಆದರೆ, ಅಂದರೆ ಕಿರಣ ಬಿಡುತ್ತಲೇ ಇದ್ದರೆ, 1 ಮೀಟರ್ ದೂರದಲ್ಲಿ 1 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ, ಅಂದರೆ ಡೋಸಿನ ಅಳತೆ) ಬರುತ್ತದೆ ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ, ನಿಮ್ಮ ಯಂತ್ರದ್ದು ಬೇರೆ ಇದ್ದೀತು. ಕೇಸಿಗೆ 2 ನಿಮಿಷದಂತೆ ವರ್ಷಕ್ಕೆ 200 ಕೇಸ್ ಎಂದರೆ 400 ನಿಮಿಷ, ಅಂದರೆ ಮೈಗೆ ತೊಡುವ ಸೀಸದ ಏಪ್ರನ್ನಿನ ಹೊರಗೆ ಸುಮಾರು 6.7 ಮಿಲಿಸೀವರ್ಟ್. 2 ಮೀಟರ್ ದೂರದಲ್ಲಿ ನಿಂತ ಸಿಸ್ಟರ್‌ಗೆ ಅದು 1.7 ಮಾತ್ರ. ಅರ್ಧ ಮೀಟರ್‌ನಲ್ಲಿ ಬಾಗಿ ನಿಂತವರಿಗೆ 26.7! ಎದೆ ಹೊಟ್ಟೆಗೆ ಏಪ್ರನ್ ಇದೆ, ಅದು ನೂರಕ್ಕೆ 95ಕ್ಕಿಂತ ಹೆಚ್ಚು ತಡೆಯುತ್ತದೆ. ಕಣ್ಣಿಗೆ ಏನೂ ಇಲ್ಲ. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ಕ್ರಬ್ ಆಗಿರುವವರು, ಅಂದರೆ ಕೈ ತೊಳೆದು ಗೌನು ತೊಟ್ಟು ಶಸ್ತ್ರಚಿಕಿತ್ಸೆಗೆ ನಿಂತವರು, ಹೊರಗೆ ಓಡಲಾಗದು. ಆದರೆ ಎರಡು ಹೆಜ್ಜೆ ಹಿಂದೆ ಸರಿಯಬಹುದು. ಸ್ಕ್ರಬ್ ಆಗಿಲ್ಲದವರಿಗೆ ಹತ್ತಿರ ನಿಲ್ಲಲು ಕಾರಣವೇ ಇಲ್ಲ.

ಲೆಡ್ ಏಪ್ರನ್ 0.25 ಸಾಕೇ, 0.5 ಬೇಕೇ?

ಏಪ್ರನ್ ಮೇಲೆ ‘0.25 ಮಿ.ಮೀ.’ ಅಥವಾ ‘0.5 ಮಿ.ಮೀ.’ ಸೀಸಕ್ಕೆ ಸಮ ಎಂದು ಬರೆದಿರುತ್ತದೆ. ಚದುರಿದ ಕಿರಣದಲ್ಲಿ 0.25ರದು ಸುಮಾರು ನೂರಕ್ಕೆ 90ನ್ನೂ 0.5ರದು 95ಕ್ಕಿಂತ ಹೆಚ್ಚನ್ನೂ ತಡೆಯುತ್ತದೆ. ಟೇಬಲ್ಲಿಗೆ ತಾಗಿ ನಿಲ್ಲುವವರಿಗೆ 0.5 ಇರಲಿ. ದೂರ ನಿಲ್ಲುವವರಿಗೆ 0.25 ಸಾಕು. 0.5ರ ಏಪ್ರನ್ 5–7 ಕೆ.ಜಿ. ತೂಗುತ್ತದೆ. ದಿನವಿಡೀ ಹೊತ್ತರೆ ಭುಜ, ಬೆನ್ನು ನೋಯುವುದು ಸಹಜ. ಜಾಕೆಟ್, ಲಂಗ ಎಂದು ಎರಡು ತುಂಡಾಗಿರುವ ಏಪ್ರನ್ ಕೊಂಡರೆ ತೂಕ ಸೊಂಟದ ಮೇಲೂ ಹಂಚಿಹೋಗುತ್ತದೆ. ಆಸ್ಪತ್ರೆ ಹೊಸದು ಕೊಳ್ಳುವಾಗ ಇದನ್ನೇ ಕೇಳಿ.

ಮುಂಭಾಗ ಮಾತ್ರ ಮುಚ್ಚುವ ಏಪ್ರನ್ ಹಾಕಿದವರು ಒಂದು ತಪ್ಪು ಮಾಡುತ್ತಾರೆ. ಶೂಟ್ ಆಗುತ್ತಿರುವಾಗಲೇ, ಅಂದರೆ ಪೆಡಲ್ ಒತ್ತಿ ಕಿರಣ ಬಿಡುತ್ತಿರುವಾಗಲೇ, ಟ್ರಾಲಿಯ ಕಡೆ ತಿರುಗಿ ಸಾಮಾನು ಹುಡುಕುತ್ತಾರೆ. ಆಗ ಬೆನ್ನು ಪೂರ್ತಿ ತೆರೆದಿರುತ್ತದೆ. ಓಡಾಡುವ ಸಿಸ್ಟರ್‌ಗೆ ಸುತ್ತ ಮುಚ್ಚುವ ಏಪ್ರನ್ ಬೇಕು. ಅದು ಇಲ್ಲದಿದ್ದರೆ ಶೂಟ್ ಮುಗಿಯುವವರೆಗೆ ಮುಖ ರೋಗಿಯ ಕಡೆಗೇ ಇರಲಿ. ಉದ್ದ ಮೊಣಕಾಲಿಗಿಂತ ಕೆಳಗೆ ಬರಲಿ. ಟ್ಯೂಬ್ ಕೆಳಗಿದ್ದಾಗ ಕಾಲಿಗೆ ಬರುವುದೇ ಹೆಚ್ಚು. ತೋಳಿನ ಕಂಕುಳ ದೊಡ್ಡದಾಗಿ ಬಾಯಿ ಬಿಟ್ಟಿದ್ದರೆ, ಅದೂ ಸ್ತನದ ಬದಿಯಲ್ಲಾದರೆ, ಆ ಅಳತೆ ನಿಮ್ಮದಲ್ಲ.

ಕುತ್ತಿಗೆಗೆ ಕಟ್ಟುವ ಸೀಸದ ಥೈರಾಯ್ಡ್ ಕಾಲರ್ ನಿಜಕ್ಕೂ ಬೇಕೇ? ಸೆಕೆಗೆ ಕುತ್ತಿಗೆ ಕಡಿಯುತ್ತದೆ.

ಬೇಕು. ಒಳಗೆ ಬಟ್ಟೆಯ ಪಟ್ಟಿ ಹಾಕಿಕೊಳ್ಳಿ.

ಕಣ್ಣಿಗೆ ಏನಾಗುತ್ತದೆ?

ಕಣ್ಣಿನ ಮಸೂರ ವಿಕಿರಣಕ್ಕೆ ಬೇಗ ಬಗ್ಗುವ ಅಂಗ. ಪೊರೆ ಮಸೂರದ ಹಿಂಭಾಗದಲ್ಲಿ ಶುರುವಾಗುತ್ತದೆ, ವರ್ಷಗಳ ನಂತರ ಕಾಣಿಸುತ್ತದೆ. ಹಿಂದೆ ವರ್ಷಕ್ಕೆ 150 ಮಿಲಿಸೀವರ್ಟ್‌ವರೆಗೆ ಅಡ್ಡಿಯಿಲ್ಲ ಎನ್ನಲಾಗುತ್ತಿತ್ತು. ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ 2011ರಲ್ಲಿ ಅದನ್ನು ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20ಕ್ಕೆ, ಯಾವುದೇ ಒಂದು ವರ್ಷ 50 ಮೀರದಂತೆ ಇಳಿಸಿ ಸೂಚಿಸಿತು. ಮೇಲಿನ ಲೆಕ್ಕದ 26.7 ನೋಡಿ. ಹತ್ತಿರ ಬಾಗಿ ನಿಲ್ಲುವ ಮೂಳೆ ತಜ್ಞರು, ಕಿಡ್ನಿಯೊಳಗೆ ದಾರಿ ಮಾಡುವ ಮೂತ್ರರೋಗ ತಜ್ಞರು, ಅವರ ಪಕ್ಕದ ಸಹಾಯಕರು ಮೊದಲು ಚಿಂತಿಸಬೇಕಾದ್ದು ಕಣ್ಣಿನ ಬಗ್ಗೆ. ಸಾಮಾನ್ಯ ಕನ್ನಡಕ ಇದಕ್ಕೆ ಆಗುವುದಿಲ್ಲ. ಬದಿಯೂ ಮುಚ್ಚುವ ಸೀಸದ ಗಾಜಿನ ಕನ್ನಡಕ ಬೇಕು. ಪರದೆ ನೋಡಲು ತಲೆ ಪಕ್ಕಕ್ಕೆ ತಿರುಗಿರುತ್ತದೆ, ಕಿರಣ ಬದಿಯಿಂದಲೇ ನುಗ್ಗುತ್ತದೆ. ಮಾನಿಟರನ್ನು ಶಸ್ತ್ರಚಿಕಿತ್ಸಕರ ಎದುರಿಗೇ ತಂದಿಟ್ಟರೂ ಅರ್ಧ ಸಮಸ್ಯೆ ಹೋಗುತ್ತದೆ.

ಸೀಸದ ಕೈಗವಸು ಹಾಕಿದರೆ ಕೈಯನ್ನು ಕಿರಣದೊಳಗೆ ಇಡಬಹುದೇ?

ಇಡಬಾರದು. ಕೈಗವಸು ಕಿರಣ ತಡೆದಾಗ ಚಿತ್ರ ಕಪ್ಪಾಯಿತೆಂದು ಯಂತ್ರ ತಾನೇ ಕಿರಣ ಏರಿಸುತ್ತದೆ. ರೋಗಿಗೂ ಹೆಚ್ಚು, ಸುತ್ತಲಿನವರಿಗೂ ಹೆಚ್ಚು, ಕೈಗೂ ಉಳಿತಾಯವಿಲ್ಲ. ತುಂಡುಮೂಳೆ ಜೋಡಿಸುವಾಗ ಉದ್ದ ಹಿಡಿಕೆಯ ಸಾಧನ ಬಳಸಿ. ತೊಡೆಮೂಳೆಗೆ ರಾಡ್ ಹಾಕಿ ಕೆಳತುದಿಯ ಸ್ಕ್ರೂ ಕೂರಿಸುವಾಗ ಅತಿ ಹೆಚ್ಚು ಶೂಟ್ ಆಗುತ್ತದೆ, ಬೆರಳು ಒಳಬರುವುದೂ ಆಗಲೇ. ತೂತಿನ ಜಾಗ ನೋಡಿ, ಕೈ ತೆಗೆದು, ಶೂಟ್ ಮಾಡಿ, ಮತ್ತೆ ಕೈ ಹಾಕಿ. ಪರದೆಯ ಮೇಲೆ ನಿಮ್ಮ ಬೆರಳಿನ ಮೂಳೆ ಕಂಡಿತೆಂದರೆ ಅದು ಚದುರಿದ ಕಿರಣವಲ್ಲ, ನೇರ ಕಿರಣ.

ಪೆಡಲ್ ಯಾರು ಒತ್ತಬೇಕು? ಎಷ್ಟು ಹೊತ್ತು?

ಒಬ್ಬರೇ ಒತ್ತಬೇಕು. ಕೇಸ್ ಶುರುವಾಗುವ ಮೊದಲೇ ಟೆಕ್ನಿಷಿಯನ್ ಅಥವಾ ಶಸ್ತ್ರಚಿಕಿತ್ಸಕರು ಎಂದು ತೀರ್ಮಾನವಾಗಲಿ. ಒತ್ತುವ ಮೊದಲು ಗಟ್ಟಿಯಾಗಿ ‘ಶೂಟ್’ ಎನ್ನಬೇಕು. ಈ ಒಂದು ಪದ ಇದ್ದಲ್ಲಿ ಉಳಿದವರು ಹಿಂದೆ ಸರಿಯುತ್ತಾರೆ, ಇಲ್ಲದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಸುತ್ತಿದ ಪೆಡಲ್ ಟೇಬಲ್ಲಿನ ಕೆಳಗೆ ಸರಿದು ಯಾರದೋ ಕಾಲಿಗೆ ಸಿಕ್ಕು ಸುಮ್ಮನೆ ಒತ್ತಿಹೋಗುವುದು ಎಲ್ಲ ಓಟಿಗಳ ಕಥೆ. ಬಳಸದಿದ್ದಾಗ ಅದನ್ನು ಪಕ್ಕಕ್ಕೆ ಎಳೆದಿಡಿ.

ಸತತ ಒತ್ತಿ ಹಿಡಿಯುವ ಅಗತ್ಯ ಬರುವುದು ಅಪರೂಪ. ಕೊನೆಯ ಚಿತ್ರ ಪರದೆಯ ಮೇಲೆ ನಿಂತೇ ಇರುತ್ತದೆ. ಅದನ್ನು ನೋಡಿಕೊಂಡೇ ಯೋಚಿಸಿ, ಆಮೇಲೆ ಇನ್ನೊಂದು ಶೂಟ್. ಕಿರಣವನ್ನು ಬಿಟ್ಟುಬಿಟ್ಟು ಹೊರಡಿಸುವ ಪಲ್ಸ್ ಸೌಲಭ್ಯವಿದ್ದರೆ ಸೆಕೆಂಡಿಗೆ 30 ಸಲದ ಬದಲು 8 ಅಥವಾ 4ಕ್ಕೆ ಇಳಿಸಿ. ಮೂಳೆ ನಿಂತಲ್ಲೇ ಇರುವಾಗ 30 ಯಾಕೆ? ಚೌಕಟ್ಟು ಕಿರಿದಾಗಿಸುವ ಗುಂಡಿ ಬಳಸಿ. ಬೇಕಾದಷ್ಟೇ ಜಾಗಕ್ಕೆ ಕಿರಣ ಬಿಟ್ಟರೆ ಚಿತ್ರವೂ ಸ್ಪಷ್ಟ, ಚದುರುವಿಕೆಯೂ ಕಡಿಮೆ. ಚಿತ್ರ ದೊಡ್ಡದು ಮಾಡುವ ಗುಂಡಿ ಒತ್ತಿದರೆ ಕಿರಣ ಹೆಚ್ಚುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ದೊಡ್ಡ ತಲೆ ರೋಗಿಗೆ ಆದಷ್ಟು ಹತ್ತಿರ, ಟ್ಯೂಬ್ ಆದಷ್ಟು ದೂರ ಇರಲಿ. ಟ್ಯೂಬಿನ ಮುಂದಿನ ಅಂತರ ಕಾಯುವ ಕೊಳವೆ ತೊಡಕೆಂದು ಬಿಚ್ಚಿಡಬೇಡಿ. ಅದಿಲ್ಲದೆ ರೋಗಿಯ ಚರ್ಮ ಸುಡುವಷ್ಟು ಹತ್ತಿರ ಬರಬಹುದು.

5 ನಿಮಿಷಕ್ಕೊಮ್ಮೆ ಬರುವ ಎಚ್ಚರಿಕೆ ಸದ್ದನ್ನು ಕೂಡಲೇ ಒತ್ತಿ ಆರಿಸುವುದು ರೂಢಿ. ಆರಿಸಿ, ಆದರೆ ಒಮ್ಮೆ ಗಟ್ಟಿಯಾಗಿ ‘ಐದು ನಿಮಿಷ ಆಯಿತು’ ಎನ್ನಿ. ಕೇಸಿನ ಕೊನೆಗೆ ಒಟ್ಟು ಸಮಯವನ್ನೂ ಪರದೆಯ ಮೇಲಿನ ಡೋಸ್ ಅಂಕಿಯನ್ನೂ ಓಟಿ ರಿಜಿಸ್ಟರಿನಲ್ಲಿ ಬರೆಯಿರಿ. ಒಂದೇ ಬಗೆಯ ಕೇಸಿಗೆ ಒಬ್ಬರಿಗೆ 40 ಸೆಕೆಂಡ್, ಇನ್ನೊಬ್ಬರಿಗೆ 4 ನಿಮಿಷ ಆಗುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ.

ಬ್ಯಾಡ್ಜ್ ಎಲ್ಲಿ ಹಾಕಬೇಕು? ಅದು ನಮ್ಮನ್ನು ಕಾಪಾಡುತ್ತದೆಯೇ?

ಕಾಪಾಡುವುದಿಲ್ಲ, ನಿಮಗೆ ಬಿದ್ದ ಕಿರಣವನ್ನು ಅಳೆಯುತ್ತದೆ ಅಷ್ಟೇ. ಟಿಎಲ್‌ಡಿ ಎಂದು ಕರೆಯುವ ಈ ಬ್ಯಾಡ್ಜಿನೊಳಗೆ ಮೂರು ಸಣ್ಣ ಬಿಲ್ಲೆಗಳಿರುತ್ತವೆ. ಒಂದರ ಮುಂದೆ ಲೋಹದ ತಗಡು, ಒಂದರ ಮುಂದೆ ಪ್ಲಾಸ್ಟಿಕ್, ಒಂದು ತೆರೆದದ್ದು. ಮೂರೂ ಹೀರಿದ ಪ್ರಮಾಣ ಹೋಲಿಸಿ ಎಷ್ಟು, ಎಂಥ ಕಿರಣ ಎಂದು ಲ್ಯಾಬಿನಲ್ಲಿ ಲೆಕ್ಕ ಹಾಕುತ್ತಾರೆ. ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ.

ಹಾಕಬೇಕಾದ್ದು ಎದೆಯ ಮಟ್ಟದಲ್ಲಿ, ಏಪ್ರನ್ನಿನ ಒಳಗೆ. ಇನ್ನೊಂದು ಕೊಟ್ಟಿದ್ದರೆ ಕಾಲರಿನ ಬಳಿ, ಏಪ್ರನ್ನಿನ ಹೊರಗೆ. ಎರಡನ್ನೂ ಅದಲುಬದಲು ಮಾಡಿದರೆ ವರದಿಗೆ ಅರ್ಥವಿಲ್ಲ.

ವರದಿ ಕೆಡುವ ರೀತಿಗಳು ಹಲವು. ಏಪ್ರನ್ನಿಗೇ ಬ್ಯಾಡ್ಜ್ ಸಿಕ್ಕಿಸಿ ಓಟಿಯಲ್ಲೇ ಬಿಟ್ಟು ಹೋಗುವುದು: ಆಗ ನಿಮಗಲ್ಲ, ಗೂಟಕ್ಕೆ ಎಷ್ಟು ಬಿತ್ತು ಎಂದು ಅಳೆದಂತೆ. ಸ್ಕ್ರಬ್ ಬಟ್ಟೆಯ ಜೇಬಿನಲ್ಲೇ ಒಗೆಯಲು ಹಾಕುವುದು. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡುವುದು. ಒಬ್ಬರದನ್ನು ಇನ್ನೊಬ್ಬರು ಹಾಕುವುದು. ನಿಮಗೇ ಎದೆಯ ಎಕ್ಸ್‌ರೇ ತೆಗೆಸುವಾಗ ಬ್ಯಾಡ್ಜ್ ಧರಿಸಿರುವುದು. ಮತ್ತು ಎಲ್ಲಕ್ಕಿಂತ ಹೆಚ್ಚು, ‘ಡೋಸ್ ಜಾಸ್ತಿ ಬಂದರೆ ಕೆಲಸ ಹೋಗುತ್ತದೆ’ ಎಂದು ಬ್ಯಾಡ್ಜನ್ನು ಕಪಾಟಿನಲ್ಲಿಟ್ಟು ಒಳಗೆ ಹೋಗುವುದು. ಸೊನ್ನೆ ತೋರಿಸುವ ಬ್ಯಾಡ್ಜ್ ಸುರಕ್ಷತೆಯ ಗುರುತೂ ಆಗಿರಬಹುದು, ಕಪಾಟಿನ ಗುರುತೂ ಆಗಿರಬಹುದು.

ಕಂಟ್ರೋಲ್ ಬ್ಯಾಡ್ಜ್ ಎಂದು ಒಂದು ಹೆಚ್ಚಿನದು ಬರುತ್ತದೆ. ಅದನ್ನು ಯಾರೂ ಹಾಕಬಾರದು. ಓಟಿ, ಎಕ್ಸ್‌ರೇ ಕೋಣೆಗಳಿಂದ ದೂರ, ಕಚೇರಿಯಲ್ಲಿ ಇಟ್ಟು ಉಳಿದವುಗಳ ಜೊತೆಗೇ ಕಳುಹಿಸಬೇಕು. ಅದು ಕಳೆದುಹೋದರೆ ಸಹಜ ಹಿನ್ನೆಲೆ ಎಷ್ಟು ಎಂದು ಕಳೆಯಲು ಆಧಾರ ಇರುವುದಿಲ್ಲ. ಸಹಜ ಹಿನ್ನೆಲೆ ಅಂದರೆ ಮಣ್ಣು, ಆಕಾಶ, ಆಹಾರದಿಂದ ಎಲ್ಲರಿಗೂ ಬರುವುದು, ಜಗತ್ತಿನ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್.

ಮಿತಿ ಎಷ್ಟು? ವರದಿಯಲ್ಲಿ ಅಂಕಿ ಹೆಚ್ಚು ಬಂದರೆ?

ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ವಿಕಿರಣ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂದು ಮಿತಿ ಹಾಕಿದೆ. ಯಾವುದೇ ಒಂದು ವರ್ಷ 30 ಮೀರಬಾರದು. ಕೈಕಾಲಿಗೆ ವರ್ಷಕ್ಕೆ 500. ಸಾರ್ವಜನಿಕರಿಗೆ 1. 18 ತುಂಬದವರನ್ನು ಈ ಕೆಲಸಕ್ಕೆ ಹಚ್ಚುವಂತಿಲ್ಲ.

ಅಂಕಿ ಹಠಾತ್ತನೆ ಏರಿದರೆ ಗಾಬರಿಗೂ ಮೊದಲು ಆ ಮೂರು ತಿಂಗಳು ಬ್ಯಾಡ್ಜ್ ಎಲ್ಲಿತ್ತು ಎಂದು ನೋಡಿ. ಹೆಚ್ಚಿನ ಸಲ ಉತ್ತರ ಗೂಟದ ಮೇಲೆಯೇ ಸಿಗುತ್ತದೆ. ನಿಜವಾಗಿಯೇ ಬಂದಿದ್ದರೆ ಆ ಅವಧಿಯ ಕೇಸುಗಳು, ನಿಂತ ಜಾಗ, ಯಂತ್ರ ರಿಪೇರಿಯಾಗಿದೆಯೇ ಎಂಬುದನ್ನು ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿ ದಾಖಲಿಸಬೇಕು. ವರದಿಯನ್ನು ನೋಡುವ ಹಕ್ಕು ನಿಮಗಿದೆ. ಅದು ಆಡಳಿತ ಕಚೇರಿಯ ಫೈಲಿನಲ್ಲೇ ಉಳಿದರೆ ಕೇಳಿ ಪಡೆಯಿರಿ. ಕೆಲಸ ಬದಲಿಸಿ ಕುಮಟಾದಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವಾಗ ಹಳೆಯ ಡೋಸ್ ದಾಖಲೆಯೂ ಜೊತೆಗೆ ಬರಬೇಕು. ರಕ್ತ ಪರೀಕ್ಷೆಯಿಂದ ಇಷ್ಟು ಕಡಿಮೆ ಡೋಸ್ ಗೊತ್ತಾಗುವುದಿಲ್ಲ.

ಬಸುರಿಯಾದ ಸಿಸ್ಟರ್ ಸಿ-ಆರ್ಮ್ ಕೇಸಿಗೆ ನಿಲ್ಲಬಹುದೇ?

ಮೊದಲು ತಿಳಿಸಬೇಕು, ಆದಷ್ಟು ಬೇಗ, ಬರವಣಿಗೆಯಲ್ಲಿ. ತಿಳಿಸಿದ ಮೇಲೆ ಉಳಿದ ಅವಧಿಯಲ್ಲಿ ಮಗುವಿಗೆ 1 ಮಿಲಿಸೀವರ್ಟ್ ಮೀರಬಾರದು. ಇದರರ್ಥ ಓಟಿ ಕೆಲಸವೇ ಬೇಡ ಎಂದಲ್ಲ. ಸುತ್ತ ಮುಚ್ಚುವ ಏಪ್ರನ್, 2 ಮೀಟರ್ ದೂರ, ಹೊಟ್ಟೆಯ ಮಟ್ಟದಲ್ಲಿ ಏಪ್ರನ್ನಿನ ಒಳಗೆ ಇನ್ನೊಂದು ಬ್ಯಾಡ್ಜ್ ಇದ್ದರೆ ಈ ಮಿತಿಯೊಳಗೆ ಇರುವುದು ಕಷ್ಟವಲ್ಲ. ಸಿ-ಆರ್ಮ್ ಇಲ್ಲದ ಕೇಸುಗಳನ್ನು ಆಕೆಗೆ ಹಂಚುವುದು ಇನ್ನೂ ಸುಲಭ. ಏಪ್ರನ್ನಿನ ತೂಕವೂ ಬೆನ್ನಿಗೆ ಬೇಡ.

ಗೊತ್ತಾಗುವ ಮೊದಲೇ ಕೆಲವು ಕೇಸಿಗೆ ನಿಂತಿದ್ದರೆ? ಭ್ರೂಣಕ್ಕೆ ವಿಕಲತೆಯಂಥ ಹಾನಿ 100 ಮಿಲಿಸೀವರ್ಟ್‌ಗಿಂತ ಕೆಳಗೆ ಕಂಡಿಲ್ಲ. ಏಪ್ರನ್ ಹಾಕಿದವರಿಗೆ ಓಟಿಯಲ್ಲಿ ಬರುವುದು ಅದರ ಹತ್ತಿರಕ್ಕೂ ಹೋಗದು. ಈ ಕಾರಣಕ್ಕೆ ಗರ್ಭ ತೆಗೆಸುವ ಮಾತು ಯಾರಾದರೂ ಆಡಿದರೆ ಕಿವಿಗೆ ಹಾಕಿಕೊಳ್ಳಬೇಡಿ. ‘ಇಲ್ಲಿ ಕೆಲಸ ಮಾಡಿದರೆ ಮಕ್ಕಳಾಗುವುದಿಲ್ಲ’ ಎಂಬ ಮಾತಿಗೂ ಇದೇ ಉತ್ತರ.

ಅರಿವಳಿಕೆ ವೈದ್ಯರು, ಕಾಲು ಹಿಡಿಯುವ ವಾರ್ಡ್ ಬಾಯ್ ಏನು ಮಾಡಬೇಕು?

ಅರಿವಳಿಕೆ ವೈದ್ಯರು ರೋಗಿಯ ತಲೆಯ ಬಳಿ ಕಟ್ಟಿಹಾಕಿದಂತೆ ಇರುತ್ತಾರೆ. ಕತ್ತು, ಭುಜದ ಕೇಸುಗಳಲ್ಲಿ ಅವರೇ ಅತಿ ಹತ್ತಿರ. ಚಕ್ರವಿರುವ ಸೀಸದ ಪರದೆ ಇದ್ದರೆ ಮೊದಲ ಹಕ್ಕು ಅವರದು.

ವಾರ್ಡ್ ಬಾಯ್ ಬಗ್ಗೆ ಖಾರವಾಗಿಯೇ ಹೇಳಬೇಕು. ಕಾಲು ಎಳೆದು ಹಿಡಿಯಲು ಪ್ರತಿ ಸಲ ಅದೇ ಹುಡುಗನನ್ನು ಕರೆಯುತ್ತಾರೆ. ಏಪ್ರನ್ ಮೂರೇ ಇದ್ದು ನಾಲ್ಕು ಜನ ಒಳಗಿದ್ದರೆ ಬಿಟ್ಟುಹೋಗುವುದು ಅವನಿಗೆ. ಬ್ಯಾಡ್ಜ್ ಅಂತೂ ಇರುವುದೇ ಇಲ್ಲ. ಏಪ್ರನ್ ಇಲ್ಲದವರು ಶೂಟ್ ಆಗುವಾಗ ಒಳಗೆ ಇರಬಾರದು ಎಂಬ ನಿಯಮ ಹುದ್ದೆ ನೋಡುವುದಿಲ್ಲ. ಎಳೆದು ಹಿಡಿಯಲು ಟ್ರಾಕ್ಷನ್ ಟೇಬಲ್ ಅಥವಾ ಪಟ್ಟಿ ಬಳಸಿ.

ನಮ್ಮ ಓಟಿಯದು ಚಿರೇಕಲ್ಲಿನ ಗೋಡೆ. ಪಕ್ಕದ ಕೋಣೆಯವರಿಗೆ ತೊಂದರೆಯೇ?

ಎಕ್ಸ್‌ರೇ ಕೋಣೆಗೆ ಸಾಮಾನ್ಯವಾಗಿ ಹೇಳುವುದು 23 ಸೆಂ.ಮೀ. ಇಟ್ಟಿಗೆ ಗೋಡೆ. ಚಿರೇಕಲ್ಲು ತೂತುತೂತಾಗಿರುವುದರಿಂದ ಸಾಂದ್ರತೆ ಕಲ್ಲಿನಿಂದ ಕಲ್ಲಿಗೆ ಬದಲಾಗುತ್ತದೆ. ಗೋಡೆಗಿಂತ ಹೆಚ್ಚಾಗಿ ಪ್ಲೈವುಡ್ ಬಾಗಿಲು, ಅಲ್ಯೂಮಿನಿಯಂ ಪಾರ್ಟಿಷನ್ ನೋಡಿ. ಊಹೆ ಬೇಡ. ಯಂತ್ರಕ್ಕೆ ಎರಡು ವರ್ಷಕ್ಕೊಮ್ಮೆ ಗುಣಮಟ್ಟ ಪರೀಕ್ಷೆ ಆಗಲೇಬೇಕು. ಪರೀಕ್ಷೆಗೆ ಬಂದವರಿಂದ ವಿಕಿರಣ ಅಳೆಯುವ ಸರ್ವೆ ಮೀಟರಿನಲ್ಲಿ ಬಾಗಿಲ ಹೊರಗೆ, ಸ್ಕ್ರಬ್ ಮಾಡುವ ಜಾಗದಲ್ಲಿ, ಪಕ್ಕದ ಕೋಣೆಯಲ್ಲಿ ಅಳತೆ ಮಾಡಿಸಿ. ಯಂತ್ರದ ಅನುಮತಿ, ಪರೀಕ್ಷೆಯ ವರದಿ ಎರಡೂ ಎಇಆರ್‌ಬಿಯ ಇಲೋರಾ ಪೋರ್ಟಲಿನಲ್ಲಿ ಇರಬೇಕು.

ಮಳೆಗಾಲದಲ್ಲಿ ಏಪ್ರನ್‌ಗೆ ಬೂಷ್ಟು ಹಿಡಿಯುತ್ತದೆ. ಏನು ಮಾಡುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಇದು ಇದ್ದದ್ದೇ. ಪ್ರತಿ ಕೇಸಿನ ಮೇಲೆ ಬೆವರು, ರಕ್ತ ಒರೆಸಿ. ತಣ್ಣೀರು, ಮೃದು ಸೋಪು ಸಾಕು. ಬ್ಲೀಚಿಂಗ್, ಬಿಸಿನೀರು, ವಾಷಿಂಗ್ ಮೆಷಿನ್, ಆಟೋಕ್ಲೇವ್ ಬೇಡವೇ ಬೇಡ. ಗಾಳಿ ಆಡುವಲ್ಲಿ ಫ್ಯಾನಿನ ಕೆಳಗೆ ಒಣಗಿಸಿ, ಕಪಾಟಿನೊಳಗೆ ಒದ್ದೆಯಾಗಿ ತುರುಕಬೇಡಿ.

ಮಡಚಬೇಡಿ. ಕುರ್ಚಿಯ ಬೆನ್ನಿಗೆ ಎಸೆಯಬೇಡಿ. ಮಡಿಕೆ ಬಿದ್ದಲ್ಲಿ ಒಳಗಿನ ಸೀಸದ ಹಾಳೆ ಸೀಳುತ್ತದೆ, ಹೊರಗಿನ ಬಟ್ಟೆ ಮಾತ್ರ ಹೊಸದರಂತೆ ಕಾಣುತ್ತದೆ. ದಪ್ಪ ದುಂಡು ಹ್ಯಾಂಗರಿಗೆ ತೂಗಿ ಹಾಕಿ. ವರ್ಷಕ್ಕೊಮ್ಮೆಯಾದರೂ ಪ್ರತಿ ಏಪ್ರನ್, ಕಾಲರ್‌ಗೆ ನಂಬರ್ ಹಾಕಿ, ಟೇಬಲ್ ಮೇಲೆ ಹರಡಿ, ಸಿ-ಆರ್ಮ್‌ನಲ್ಲೇ ನೋಡಿ ದಿನಾಂಕ ಬರೆಯಿರಿ. ಸೀಳು ಬೆಳ್ಳಗಿನ ಗೆರೆಯೋ ಮಚ್ಚೆಯೋ ಆಗಿ ಎದ್ದು ಕಾಣುತ್ತದೆ, ಅಥವಾ ಯಂತ್ರದ ಬಣ್ಣದ ಹೊಂದಾಣಿಕೆಯಂತೆ ಕಪ್ಪಾಗಿ. ನೋಡುವವರೂ ಏಪ್ರನ್ ಹಾಕಿರಲಿ. ಹೊಟ್ಟೆ, ಎದೆ, ಥೈರಾಯ್ಡ್ ಭಾಗದಲ್ಲಿ ಸೀಳಿದ್ದರೆ ಅದನ್ನು ತೆಗೆದಿಡಿ. ಅಂಚಿನಲ್ಲಿ ಸಣ್ಣದಿದ್ದರೆ ಸುರಕ್ಷತಾ ಅಧಿಕಾರಿ ತೀರ್ಮಾನಿಸಲಿ.

ತೆಗೆದ ಏಪ್ರನ್ ಎಲ್ಲಿ ಹಾಕುವುದು?

ಅದರಲ್ಲಿ ವಿಕಿರಣ ಇರುವುದಿಲ್ಲ, ಸೀಸ ಇರುತ್ತದೆ. ಗುಜರಿಯವನಿಗೆ ಮಾರಬೇಡಿ, ಸುಡಬೇಡಿ, ಆಸ್ಪತ್ರೆ ಕಸದ ಹಳದಿ ಚೀಲಕ್ಕೂ ಹಾಕಬೇಡಿ. ಹೊಸದು ಕೊಡುವ ಕಂಪನಿಗೇ ಹಳೆಯದನ್ನು ವಾಪಸು ಒಯ್ಯುವಂತೆ ಖರೀದಿಯ ಪತ್ರದಲ್ಲೇ ಬರೆಸಿ, ಇಲ್ಲವೇ ಸೀಸ ಮರುಬಳಕೆಗೆ ಪರವಾನಗಿ ಇರುವವರಿಗೆ ರಸೀದಿ ಪಡೆದು ಕೊಡಿ. ಅಲ್ಲಿಯವರೆಗೆ ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಬಳಸಬಾರದು’ ಎಂದು ಬರೆದು ಓಟಿಯ ಹೊರಗಿಡಿ. ಒಳಗಿದ್ದರೆ ತುರ್ತಿನಲ್ಲಿ ಯಾರಾದರೂ ಹಾಕಿಕೊಂಡೇ ಹಾಕಿಕೊಳ್ಳುತ್ತಾರೆ.